‘ಅದನ್ನೆಲ್ಲ ಹೇಗೆ ತಡೆದುಕೊಂಡಿರಿ?’ ಎಂದು ಕೇಳುವವರಿಗೆ

ನನ್ನ ಯಜಮಾನರು ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡ ಮೇಲೆ ನೆಂಟರು, ಹಳೆಯ ಸಹೋದ್ಯೋಗಿಗಳು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರು ಕೂಡ ಕೇಳುವ ಪ್ರಶ್ನೆ ಇದು. ಕೆಲವರದು ಬರಿಯ ಕುತೂಹಲ, ಅವರಿಗೆ ‘ಹೇಗೋ ಆಯಿತು’ ಎಂದರೆ ಸಾಕಾಗುತ್ತದೆ. ಆದರೆ ಹಲವರ ಮನೆಯಲ್ಲಿ ಇತ್ತೀಚೆಗೆ ಅಂಥದ್ದೇನೋ ನಡೆದಿರುತ್ತದೆ. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಅಳುವುದಕ್ಕೂ ವ್ಯವಹಾರ ನೋಡಿಕೊಳ್ಳುವುದಕ್ಕೂ ನಡುವೆ ಓಡಾಡುತ್ತಲೇ ಆ ವರ್ಷ ಕಳೆಯಿತು, ಆ ಓಡಾಟವೇ ನನ್ನನ್ನು ಉಳಿಸಿತು. ಬ್ಯಾಂಕಿನಲ್ಲಿ ಅವರ ಖಾತೆ ಮುಚ್ಚುವ ಅರ್ಜಿ ತುಂಬುತ್ತಿದ್ದಾಗ ‘ಮೃತರೊಂದಿಗೆ ಅರ್ಜಿದಾರರ ಸಂಬಂಧ’ ಎಂಬ ಕಾಲಂ ಬಂತು. ‘ಪತ್ನಿ’ ಎಂದು ಬರೆಯುವಷ್ಟರಲ್ಲಿ ಕಣ್ಣು ತುಂಬಿ, ಎದುರಿಗಿದ್ದ ಗುಮಾಸ್ತರು ಏನು ಮಾಡಬೇಕೆಂದು ತೋಚದೆ ಫ್ಯಾನಿನ ವೇಗ ಹೆಚ್ಚಿಸಿದರು. ಐದು ನಿಮಿಷವಾದ ಮೇಲೆ ಅವರೇ ಮೆಲ್ಲಗೆ, ‘ಮೇಡಂ, ಆಧಾರ್‌ದು ಇನ್ನೊಂದು ಜೆರಾಕ್ಸ್ ಬೇಕಾಗುತ್ತೆ’ ಎಂದರು. ನಾನು ಎದ್ದು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋದೆ. ಆ ವರ್ಷದ ಬಹುಪಾಲು ದಿನಗಳು ಹೀಗೆಯೇ ಇದ್ದವು.

ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಇದನ್ನೇ ಹೇಳಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅವರ ಪ್ರಕಾರ ಆಪ್ತರನ್ನು ಕಳೆದುಕೊಂಡವರು ಒಮ್ಮೆ ನಷ್ಟದ ಕಡೆಗೆ ತಿರುಗುತ್ತಾರೆ, ಇನ್ನೊಮ್ಮೆ ಬದಲಾದ ಬದುಕನ್ನು ಸರಿಪಡಿಸಿಕೊಳ್ಳುವ ಕಡೆಗೆ ತಿರುಗುತ್ತಾರೆ. ಈ ಹೋಗಿಬರುವಿಕೆಯಿಂದಲೇ ಮನಸ್ಸು ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಇನ್ನೊಂದು ಮಾತು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ ಎಂಬ ಐದು ಹಂತಗಳು. ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತಾಡಿ. ಉಳಿದವರು ಮೆಟ್ಟಿಲು ಹತ್ತಿದಂತೆ ಹತ್ತಬೇಕಾದ ಹಂತಗಳೆಂದು ಅವನ್ನು ತಿಳಿಯುವುದು ತಪ್ಪು. ನನಗೆ ಕೋಪ ಬರಲೇ ಇಲ್ಲ. ‘ನಿಮಗಿನ್ನೂ ಕೋಪದ ಹಂತ ಬಂದಿಲ್ಲ’ ಎಂದು ವಾಟ್ಸಾಪಿನಲ್ಲಿ ಓದಿಕೊಂಡು ಬಂದವರೊಬ್ಬರು ಎಚ್ಚರಿಸಿದಾಗ ಮಾತ್ರ ಸ್ವಲ್ಪ ಬಂತು.

ಕಾಗದಪತ್ರದ ಕೆಲಸವನ್ನು ಜನ ತಿರಸ್ಕಾರದಿಂದ ಕಾಣುತ್ತಾರೆ. ‘ಈಗ ಅದೆಲ್ಲ ಯಾಕೆ, ಮೊದಲು ಸುಧಾರಿಸಿಕೊಳ್ಳಿ’ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ತಡವಾದಷ್ಟೂ ದಂಡ ಮತ್ತು ಮೇಲಧಿಕಾರಿಗಳ ಅನುಮತಿ ಎಂದು ಅಲೆದಾಟ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಮಾಹಿತಿಯನ್ನು ಆಸ್ಪತ್ರೆಯವರೇ ಕಳುಹಿಸುತ್ತಾರೆ, ಆದರೆ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಮನೆಯವರು ನೋಡಬೇಕು. ಒಂದಕ್ಷರದ ವ್ಯತ್ಯಾಸ ಮುಂದೆ ಪಿಂಚಣಿ, ವಿಮೆ, ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಎಲ್ಲದರಲ್ಲೂ ಕಾಡುತ್ತದೆ. ಪಾಸ್‌ಬುಕ್ಕನ್ನು ಸಾಲುಸಾಲಾಗಿ ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಬಹುಮಟ್ಟಿಗೆ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು. 2 ಲಕ್ಷ ರೂಪಾಯಿಯ ಆ ವಿಮೆ ತಮ್ಮ ಮನೆಯವರಿಗಿತ್ತೆಂದು ತಿಳಿಯದೆ ಕೇಳದೇ ಬಿಟ್ಟ ಕುಟುಂಬಗಳನ್ನು ನಾನು ಕಂಡಿದ್ದೇನೆ. ಇಂಥ ಕೆಲಸದಿಂದ ಹಣ ಬರುತ್ತದೆ, ಅದು ದೊಡ್ಡ ವಿಷಯವೇ. ಅದರ ಜೊತೆಗೆ, ಏನೂ ನಮ್ಮ ಕೈಯಲ್ಲಿಲ್ಲ ಎನಿಸುವ ದಿನಗಳಲ್ಲಿ ಒಂದು ಅರ್ಜಿಗೆ ಸ್ವೀಕೃತಿಯ ಮೊಹರು ಬಿದ್ದರೂ ಒಂದು ಕೆಲಸ ಮುಗಿಯಿತೆಂಬ ಸಮಾಧಾನ ಸಿಗುತ್ತದೆ.

ಶಾಸ್ತ್ರಗಳ ಬಗ್ಗೆಯೂ ಕೇಳುತ್ತಾರೆ. ನನಗೆ ಅವುಗಳಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆದರೂ ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನ, ಬೆಳಗ್ಗೆ ಏಳಬೇಕು, ಸ್ನಾನ ಮಾಡಬೇಕು, ಇಷ್ಟು ಹೊತ್ತಿಗೆ ಎಲೆ ಹಾಕಬೇಕು ಎಂಬ ಕಟ್ಟುಪಾಡು ಇದ್ದದ್ದರಿಂದ ಯೋಚಿಸುವ ಶಕ್ತಿಯೇ ಇಲ್ಲದ ಆ ದಿನಗಳು ತಾವಾಗಿಯೇ ಸಾಗಿದವು. ಕಷ್ಟ ಶುರುವಾಗುವುದು ಹದಿನಾಲ್ಕನೆಯ ದಿನ: ಬಂದವರೆಲ್ಲ ಬಸ್ಸು ಹತ್ತಿರುತ್ತಾರೆ, ಬಾಡಿಗೆಗೆ ತಂದ ಪಾತ್ರೆಗಳು ವಾಪಸಾಗಿರುತ್ತವೆ, ಅನ್ನಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ಡಬ್ಬಿಯ ಮುಂದೆ ನಿಂತು ಯೋಚಿಸಬೇಕಾಗುತ್ತದೆ. ನಿಮ್ಮ ಬಿಪಿ, ಶುಗರ್ ಮಾತ್ರೆಗಳು ತಪ್ಪುವುದೂ ಆಗಲೇ. ಸಂಗಾತಿ ಹೋದ ಮೊದಲ ಕೆಲವು ತಿಂಗಳುಗಳಲ್ಲಿ ಉಳಿದವರ ಆರೋಗ್ಯಕ್ಕೂ ಅಪಾಯ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ, ಆದ್ದರಿಂದ ಊಟ, ನಿದ್ದೆ, ಮಾತ್ರೆ ಈ ಮೂರನ್ನು ಯಾರಾದರೂ ಕೇಳಿ ವಿಚಾರಿಸುವ ವ್ಯವಸ್ಥೆ ಇರಲಿ.

‘ಯಾವ ಜನ್ಮದ ಕರ್ಮವೋ’ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕೆಟ್ಟದ್ದಕ್ಕೆ ಕಾರಣ ಹುಡುಕುವುದು ಮನುಷ್ಯರಿಗೆ ಸಹಜ, ಆದರೆ ಹುಡುಕುವವರು ಹೆಚ್ಚಾಗಿ ತಮ್ಮ ಮನೆಗೆ ಅದು ಬರುವುದಿಲ್ಲವೆಂಬ ಧೈರ್ಯಕ್ಕಾಗಿ ಹುಡುಕುತ್ತಾರೆ. ಅರಿಶಿನ ಕುಂಕುಮದ ತಟ್ಟೆ ನನ್ನ ಮುಂದೆ ಬಂದು ಪಕ್ಕದವರಿಗೆ ಸರಿದುಹೋಗುವಾಗ ಆಗುವ ನೋವು ಸಾವಿನಿಂದ ಬಂದದ್ದಲ್ಲ, ಅದನ್ನು ಜನ ಕೈಯಾರೆ ಸೇರಿಸಿದ್ದು. ಅದನ್ನು ತಡೆದುಕೊಳ್ಳಬೇಕಾಗಿಲ್ಲ, ನಿಲ್ಲಿಸಬಹುದು. ನಮ್ಮ ಗಡಿಗೆ ಹತ್ತಿರವೇ ಇರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮದವರು 2022ರಲ್ಲಿ, ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ಕೈಬಿಡುವ ಠರಾವನ್ನೇ ಮಾಡಿದರು.

‘ಎಷ್ಟು ದಿನ ಬೇಕು?’ ಎಂಬುದಕ್ಕೆ ಒಂದೇ ಲೆಕ್ಕವಿಲ್ಲ. ಜಾರ್ಜ್ ಬೊನಾನೊ ಎಂಬ ಅಮೆರಿಕದ ಸಂಶೋಧಕರು ಸಂಗಾತಿಯನ್ನು ಕಳೆದುಕೊಂಡ ಹಿರಿಯರನ್ನು ಗಮನಿಸಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಜನ ತೀವ್ರ ಖಿನ್ನತೆಗೆ ಒಳಗಾಗದೆಯೇ ದಿನ ದೂಡಿದ್ದು ಕಂಡುಬಂತು. ಹಾಗಾಗಿ ಬೇಗ ನಗತೊಡಗಿದವರನ್ನು ಕಲ್ಲುಮನಸ್ಸಿನವರೆಂದು ದೂರಬೇಡಿ. ಇನ್ನು ಕೆಲವರಿಗೆ ಆರು ತಿಂಗಳು ಕಳೆದರೂ ಹಂಬಲ ಒಂದಿಷ್ಟೂ ಸಡಿಲವಾಗದೆ, ದಿನನಿತ್ಯದ ಕೆಲಸವೇ ನಿಂತುಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣದಲ್ಲಿ ಇದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದೇ ಗುರುತಿಸಲಾಗಿದೆ. ಆಗ, ಅಥವಾ ಬದುಕುವುದೇ ಬೇಡವೆನಿಸಿದರೆ ಆ ಕ್ಷಣವೇ, 14416ಕ್ಕೆ ಕರೆ ಮಾಡಬೇಕು. ಇದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ತಮಗಾಗಿ ಕೇಳದೆ ಗೆಳತಿಗಾಗಿ, ತಮ್ಮನಿಗಾಗಿ ಕೇಳುವವರೂ ಇದ್ದಾರೆ. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನಬೇಡಿ, ಏನು ಬೇಕೆಂದು ಯೋಚಿಸಿ ಹೇಳುವುದೂ ಆ ಹೊತ್ತಿಗೆ ಒಂದು ಹೊರೆಯೇ. ‘ಗುರುವಾರ ನಾಡಕಚೇರಿಗೆ ನಾನು ಜೊತೆಗೆ ಬರುತ್ತೇನೆ’ ಎನ್ನಿ. ಹೋದವರ ಹೆಸರು ಹಿಡಿದೇ ಮಾತಾಡಿ, ಮಾತು ತಪ್ಪಿಸಬೇಡಿ. ಎಲ್ಲರೂ ಫೋನ್ ಮಾಡುವ ಮೊದಲ ವಾರದಲ್ಲಿ ನೀವು ಮಾಡದಿದ್ದರೂ ನಡೆಯುತ್ತದೆ, ಮೂರನೆಯ ತಿಂಗಳಲ್ಲಿ ಮರೆಯದೆ ಮಾಡಿ. ಕಚೇರಿಗೆ ಹೋಗುವಾಗ ಎಲ್ಲ ದಾಖಲೆಗಳ ನಾಲ್ಕೈದು ಜೆರಾಕ್ಸ್ ಪ್ರತಿಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡಿರಿ, ಅಸಲು ಪ್ರತಿಯನ್ನು ಯಾರ ಕೈಗೂ ಕೊಟ್ಟುಬರಬೇಡಿ.