“ಸಿಕ್ತೇನು ಔಷಧಿ?” ಎಂದು ಕೇಳುವವರಿಗೆ

ವರ್ಷಕ್ಕೆರಡು ಬಾರಿ ದಾವಣಗೆರೆಗೆ ಬರುತ್ತೇನೆ, ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ. ಕಳೆದ ದೀಪಾವಳಿಯಲ್ಲಿ ಮಂಡಕ್ಕಿ ತಟ್ಟೆಯ ಮುಂದೆ ಕುಳಿತಿದ್ದ ದೊಡ್ಡಪ್ಪ, ಬೀರುವಿನ ಕೀಲಿಕೈ ಕಳೆದುಕೊಂಡವಳನ್ನು ವಿಚಾರಿಸುವ ಧಾಟಿಯಲ್ಲಿ, “ಏನವ್ವಾ, ಸಿಕ್ತೇನು ನಿನ್ನ ಔಷಧಿ?” ಎಂದರು. ಹೇಳಿ ಹೇಳಿ ಸಾಕಾಗಿರುವುದರಿಂದ ಈ ಬಾರಿ ಬರೆದೇ ಇಡುತ್ತಿದ್ದೇನೆ.

ಸಿಕ್ಕಿಲ್ಲ. ನಾನು ಕೆಲಸ ಮಾಡುವುದು ಕಾಲಾ ಅಜಾರ್ ಎಂಬ ಮಾರಕ ಜ್ವರ ತರುವ ಲೀಶ್ಮೇನಿಯಾ ಎಂಬ ಏಕಕೋಶ ಪರಾವಲಂಬಿಯ ಮೇಲೆ. “ಒಂದು ಹುಳಕ್ಕೆ ಇಷ್ಟು ವರ್ಷವೇ?” ಎನ್ನುವವರಿಗೆ ಮೊದಲನೆಯದಾಗಿ, ಅದು ಹುಳವಲ್ಲ. ಬ್ಯಾಕ್ಟೀರಿಯವೂ ಅಲ್ಲ. ಬ್ಯಾಕ್ಟೀರಿಯಕ್ಕೆ ನಮ್ಮ ಜೀವಕೋಶಗಳಿಗಿಲ್ಲದ ಗೋಡೆಯೊಂದಿದ್ದು, ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಲೀಶ್ಮೇನಿಯಾದ ಕೋಶವಾದರೋ ಒಳರಚನೆಯಲ್ಲಿ ನಮ್ಮ ಕೋಶವನ್ನೇ ಹೋಲುವುದರಿಂದ, ಅದಕ್ಕೆ ಹಾಕಿದ ವಿಷ ನಮಗೂ ತಗಲುವ ಸಂಭವ ಹೆಚ್ಚು. ಸಾಲದ್ದಕ್ಕೆ, ರೋಗಾಣುಗಳನ್ನು ನುಂಗಿ ಅರಗಿಸಬೇಕಾದ ರಕ್ಷಕ ಕೋಶದೊಳಗೇ ಅದು ಬೆಳೆಯುತ್ತದೆ. ಕಳ್ಳ ಪೊಲೀಸ್ ಠಾಣೆಯಲ್ಲೇ ಸಂಸಾರ ಹೂಡಿದ ಹಾಗೆ. ಗಾಜಿನ ಬಟ್ಟಲಿನಲ್ಲಿ ಅದನ್ನು ಕೊಲ್ಲುವ ವಸ್ತುಗಳು ನನಗೆ ಬೇಕಾದಷ್ಟು ಸಿಕ್ಕಿವೆ. ಫಿನಾಯಿಲ್ ಕೂಡ ಕೊಲ್ಲುತ್ತದೆ. ಠಾಣೆಯನ್ನು ಉಳಿಸಿ ಕಳ್ಳನನ್ನಷ್ಟೇ ಕೊಲ್ಲುವುದು ಬೇಕಾಗಿದೆ.

ಹಾಗೆಂದು ಯಾರಿಗೂ ಏನೂ ಸಿಕ್ಕಿಲ್ಲವೆಂದಲ್ಲ. ವೈದ್ಯ ಉಪೇಂದ್ರನಾಥ ಬ್ರಹ್ಮಚಾರಿಯವರು ಕಲ್ಕತ್ತೆಯಲ್ಲಿ ಆಂಟಿಮನಿಯೆಂಬ ಧಾತುವಿನಿಂದ ಯೂರಿಯಾ ಸ್ಟಿಬಮೈನ್ ಎಂಬ ಕಾಲಾ ಅಜಾರ್ ಔಷಧಿ ತಯಾರಿಸಿ ನೂರು ವರ್ಷ ದಾಟಿತು. ಮುಂದೆ ಬಿಹಾರದಲ್ಲಿ ಪರಾವಲಂಬಿಯು ಆಂಟಿಮನಿ ಔಷಧಿಗಳಿಗೆ ಬಗ್ಗದಾಯಿತು. 2002ರಲ್ಲಿ ಭಾರತದಲ್ಲಿ ಇದೇ ರೋಗಕ್ಕೆ ಅನುಮತಿ ಪಡೆದ ಮಿಲ್ಟೆಫೊಸಿನ್ ಮೂಲತಃ ಕ್ಯಾನ್ಸರಿಗೆಂದು ರೂಪಿಸಿದ್ದು. ನುಂಗುವ ಗುಳಿಗೆಯೇನೋ ಹೌದು, ಆದರೆ ಗರ್ಭಿಣಿಯರಿಗೆ ಕೊಡುವಂತಿಲ್ಲ.

ದೊಡ್ಡಪ್ಪ ನಿಜವಾಗಿ ಕೇಳಬೇಕಿದ್ದದ್ದು, ಸಿಕ್ಕ ಔಷಧಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಇಂಥದ್ದೇ ಪರಾವಲಂಬಿ ತರುವ ಆಫ್ರಿಕಾದ ನಿದ್ರಾರೋಗಕ್ಕೆ ಬಹುಕಾಲ ಕೊಡುತ್ತಿದ್ದ ಮೆಲಾರ್ಸೊಪ್ರಾಲ್ ಪಾಷಾಣದಿಂದ, ಅಂದರೆ ಆರ್ಸೆನಿಕ್‌ನಿಂದ, ಮಾಡಿದ ಔಷಧಿ. ಇಪ್ಪತ್ತು ರೋಗಿಗಳಲ್ಲಿ ಸುಮಾರು ಒಬ್ಬರನ್ನು ಔಷಧಿಯೇ ಕೊಲ್ಲುತ್ತಿತ್ತು. ಅದಕ್ಕಿಂತ ಸುರಕ್ಷಿತವಾದ ಎಫ್ಲಾರ್ನಿಥಿನ್ ಕೈಗೆ ಬಂದಿತ್ತು, ಆದರೆ ಹಣ ಕೊಟ್ಟು ಕೊಳ್ಳುವ ರೋಗಿಗಳಿಲ್ಲವೆಂದು 1990ರ ದಶಕದಲ್ಲಿ ಅದರ ತಯಾರಿಕೆ ನಿಂತಿತು. 2000ದಲ್ಲಿ ಅದೇ ವಸ್ತು ಅಮೆರಿಕದಲ್ಲಿ ಹೆಂಗಸರ ಮುಖದ ಕೂದಲು ತಗ್ಗಿಸುವ ಮುಲಾಮಾಗಿ ಅನುಮತಿ ಪಡೆದ ಮೇಲಷ್ಟೇ, ಒತ್ತಡಕ್ಕೆ ಮಣಿದ ತಯಾರಕರು ನಿದ್ರಾರೋಗಿಗಳಿಗೂ ಅದನ್ನು ಒದಗಿಸಲು ಒಪ್ಪಿದರು. ಫೆಕ್ಸಿನಿಡಜೋಲ್ ಕೂಡ ದಶಕಗಳ ಕಾಲ ಮೂಲೆಗೆ ಬಿದ್ದಿದ್ದ ಔಷಧಿಯೇ. ಲಾಭದಾಸೆಯಿಲ್ಲದ ಸಂಸ್ಥೆಯೊಂದು 2005ರಲ್ಲಿ ಅದನ್ನು ಹೊರತೆಗೆದು ಪರೀಕ್ಷೆಗಳನ್ನು ಮುಂದುವರಿಸಿದ್ದರಿಂದ, ಹತ್ತು ದಿನ ಗುಳಿಗೆ ನುಂಗಿ ನಿದ್ರಾರೋಗ ಗುಣಪಡಿಸಿಕೊಳ್ಳುವುದು ಈಗ ಸಾಧ್ಯವಾಗಿದೆ.

ಇದನ್ನೆಲ್ಲ ಅಂದು ದೊಡ್ಡಪ್ಪನಿಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಮೆಣಸಿನಕಾಯಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು ಸುಮ್ಮನೆ ಕುಳಿತರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದೊಡ್ಡಮ್ಮ ಮಾತ್ರ ಹತ್ತಿರ ಬಂದು, ದನಿ ತಗ್ಗಿಸಿ, “ಆ ಮುಲಾಮು ನಮ್ಮೂರಾಗೆ ಸಿಗ್ತದೇನೇ?” ಎಂದು ವಿಚಾರಿಸಿದರು.