ಯಾವ ಕಪಾಟಿಗೆ ಈ ಪುಸ್ತಕ?

ಪುಸ್ತಕದಂಗಡಿಗೆ ಹೊಸದಾಗಿ ಸೇರಿದವರು ಬಿಲ್ ಹಾಕುವುದನ್ನು ಬೇಗ ಕಲಿಯುತ್ತಾರೆ. ಬಂದ ಪುಸ್ತಕವನ್ನು ಎಲ್ಲಿ ಇಡಬೇಕೆಂಬುದು ಮಾತ್ರ ಬೇಗ ಕೈಗೆ ಹತ್ತುವ ವಿದ್ಯೆಯಲ್ಲ. ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ ಇಂಗ್ಲಿಷ್ ಕಾದಂಬರಿಗಳ ವಿಭಾಗ ನೋಡಿಕೊಳ್ಳುತ್ತೇನೆ. ಫ್ಯಾಂಟಸಿ, ಹಾರರ್, ಕ್ವಿಯರ್ ಕಥನ (ಸಲಿಂಗಪ್ರೇಮಿಗಳ, ಲಿಂಗತ್ವ ಅಲ್ಪಸಂಖ್ಯಾತರ ಕಥೆಗಳು) ಎಂದರೆ ನನಗೆ ಹುಚ್ಚು. ಮೂರೂ ಒಂದೇ ಪುಸ್ತಕದಲ್ಲಿ ಸಿಕ್ಕರೆ ಅಂದು ರಾತ್ರಿ ನಿದ್ದೆಯಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇಂಥವು ಧಾರಾಳವಾಗಿ ಬರುತ್ತಿವೆ. ಓದುವವಳಿಗೆ ಹಬ್ಬ, ಕಪಾಟು ಜೋಡಿಸುವವಳಿಗೆ ತಲೆನೋವು.

ಇಂದ್ರ ದಾಸ್ ಅವರ ‘ದಿ ಡಿವೌರರ್ಸ್’ 2015ರಲ್ಲಿ ಭಾರತದಲ್ಲಿ ಪ್ರಕಟವಾಯಿತು. ಕೋಲ್ಕತ್ತದ ಇತಿಹಾಸದ ಪ್ರಾಧ್ಯಾಪಕನಿಗೆ ಅಪರಿಚಿತನೊಬ್ಬ ಸಿಕ್ಕಿ, ತಾನು ಅರ್ಧ ತೋಳಮನುಷ್ಯ ಎನ್ನುತ್ತಾನೆ. ಕಥೆ ಮೊಗಲರ ಕಾಲಕ್ಕೆ ಹೋಗುತ್ತದೆ. 2017ರಲ್ಲಿ ಅದಕ್ಕೆ ಕ್ವಿಯರ್ ಸಾಹಿತ್ಯಕ್ಕೆಂದೇ ಇರುವ ಅಮೆರಿಕದ ಲ್ಯಾಂಬ್ಡಾ ಪ್ರಶಸ್ತಿಯೂ ಬಂತು. ಆದರೆ ನಮ್ಮ ವ್ಯಾಪಾರದ ರೂಢಿಯಲ್ಲಿ ಲೇಖಕ ಭಾರತೀಯನಾದರೆ ಪುಸ್ತಕ ನೇರವಾಗಿ ‘ಇಂಡಿಯನ್ ರೈಟಿಂಗ್’ ಕಪಾಟಿಗೆ. ಅಲ್ಲಿಗೆ ಬರುವವರು ಕೂಡುಕುಟುಂಬದ ಕಥೆಯನ್ನೋ ದೇಶ ವಿಭಜನೆಯ ಕಥೆಯನ್ನೋ ಹುಡುಕುವವರು. ಮನುಷ್ಯರನ್ನು ತಿನ್ನುವ ಜೀವಿಗಳ ಕಥೆ ಬೇಕಾದವರು ಅತ್ತ ತಲೆಯನ್ನೂ ಹಾಕುವುದಿಲ್ಲ. ಮಾರಾಟವಾಗದ ಪ್ರತಿ ಕೆಲವು ತಿಂಗಳಲ್ಲಿ ವಿತರಕರಿಗೆ ವಾಪಸ್ ಹೋಗುತ್ತದೆ, ಕಂಪ್ಯೂಟರಿನಲ್ಲಿ ಸೊನ್ನೆ ಉಳಿಯುತ್ತದೆ. ಅದೇ ಲೇಖಕರ ಮುಂದಿನ ಪುಸ್ತಕಕ್ಕೆ ಆರ್ಡರ್ ಹಾಕುವಾಗ ಎಲ್ಲರೂ ನೋಡುವುದು ಆ ಸೊನ್ನೆಯನ್ನೇ. ಬೇಕಾದ ಓದುಗ ಪಕ್ಕದ ಸಾಲಿನಲ್ಲೇ ನಿಂತಿದ್ದ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಕ್ವಿಯರ್ ಪುಸ್ತಕಗಳಿಗೆ ಬೇರೆ ಕಪಾಟು ಬೇಕೇ ಎಂಬುದು ನಮ್ಮಲ್ಲಿ ಇಂದಿಗೂ ಮುಗಿಯದ ಜಗಳ. ಬೇಕು ಎನ್ನುವವರ ಮಾತು ಸರಿಯಾಗಿಯೇ ಇದೆ: ಹುಡುಕಿ ಬಂದವರಿಗೆ ಸಿಗಬೇಕು, ತಮಗೂ ಇಲ್ಲಿ ಜಾಗವಿದೆ ಎಂದು ಕಣ್ಣಿಗೆ ಕಾಣಬೇಕು. ಆದರೆ ಎಲ್ಲರೂ ಆ ಕಪಾಟಿನ ಮುಂದೆ ನಿಲ್ಲಲಾರರು. 2018ರ ಸೆಪ್ಟೆಂಬರ್ 6ರಂದು ಸಲಿಂಗಕಾಮ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಬಂದು ಕಾನೂನು ಬದಲಾಯಿತು. ಜೊತೆಗೆ ಅಂಗಡಿಗೆ ಬಂದ ಅಪ್ಪನೋ ಚಿಕ್ಕಪ್ಪನೋ ಬದಲಾಗಿರಬೇಕೆಂದಿಲ್ಲ. ಹಾಗಾಗಿ ಹಣ ಹೊಂದಿದಾಗಲೆಲ್ಲ ಎರಡು ಪ್ರತಿ ತರಿಸಿ, ಒಂದನ್ನು ಆ ಕಪಾಟಿನಲ್ಲಿ, ಇನ್ನೊಂದನ್ನು ಫ್ಯಾಂಟಸಿ ಅಥವಾ ಹಾರರ್ ಸಾಲಿನಲ್ಲಿ ಇಡುತ್ತೇನೆ. ಲೆಕ್ಕ ನೋಡುವವರಿಗೆ ಇದು ಇಷ್ಟವಿಲ್ಲ. ಕೌಂಟರಿನ ಹುಡುಗರಿಗೂ ಒಂದು ಮಾತು ಹೇಳಿಟ್ಟಿದ್ದೇನೆ: ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಬೇಡಿ, ‘ಯಾರಿಗೆ ಸರ್, ಗಿಫ್ಟಾ?’ ಎಂದು ಕೇಳಬೇಡಿ, ಬಿಲ್ ಕೊಟ್ಟು ಸುಮ್ಮನಿರಿ.

ಪುಸ್ತಕ ಸೂಚಿಸುವಾಗ ‘ಯಾವ ಬಗೆಯದು ಬೇಕು?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ಹಾರರ್ ನನಗಾಗುವುದಿಲ್ಲ’ ಎನ್ನುವವರೇ ಹೆಚ್ಚು. ಈಚೆಗೆ ಏನು ಓದಿದಿರಿ, ಅದರಲ್ಲಿ ಯಾವುದು ಕಾಡಿತು ಎಂದು ಕೇಳಿದರೆ ದಾರಿ ತೆರೆಯುತ್ತದೆ. ಹತ್ತಿರದವರನ್ನು ಕಳೆದುಕೊಂಡ ಕಥೆ ಮೆಚ್ಚಿದವರಿಗೆ ಜೂಲಿಯಾ ಆರ್ಮ್‌ಫೀಲ್ಡ್ ಅವರ ‘ಅವರ್ ವೈವ್ಸ್ ಅಂಡರ್ ದ ಸೀ’ (2022) ಕೊಡುತ್ತೇನೆ. ಮೂರು ವಾರಕ್ಕೆಂದು ಸಮುದ್ರದಾಳಕ್ಕೆ ಹೋದ ಲಿಯಾ ಆರು ತಿಂಗಳ ಮೇಲೆ ಮರಳುತ್ತಾಳೆ, ಆದರೆ ಮರಳಿದವಳು ಹೋದವಳಲ್ಲ. ಅವಳ ಹೆಂಡತಿ ಮಿರಿ ಅದನ್ನು ದಿನವೂ ನೋಡುತ್ತಾ ಬದುಕುತ್ತಾಳೆ. ದೆವ್ವದ ಸುದ್ದಿಯೇ ಇಲ್ಲ. ಓದಿದ ಮೇಲೆ ಸ್ನಾನದಮನೆಯ ನಲ್ಲಿ ತೊಟ್ಟಿಕ್ಕುವ ಸದ್ದಿಗೂ ಬೆಚ್ಚುವಂತಾಗುತ್ತದೆ.

ತಾಶಾ ಸೂರಿ ಅವರ ‘ದ ಜಾಸ್ಮಿನ್ ಥ್ರೋನ್’ನದು ಬೇರೆಯೇ ಫಜೀತಿ. 2021ರ ಪುಸ್ತಕ, 2022ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆಯಿತು. ಹೆಸರುಗಳು ನಮ್ಮವು, ರಾಜ್ಯ, ದೇವಾಲಯ ಎಲ್ಲ ಇವೆ. ಹಾಗಾಗಿ ಪುರಾಣದ ಕಥೆಯೆಂದುಕೊಂಡು ಚಿಕ್ಕ ಮಕ್ಕಳಿಗೆ ಕೊಳ್ಳುವವರಿದ್ದಾರೆ. ಚಿತೆಗೆ ಹಾರಲು ಒಪ್ಪದ ರಾಜಕುಮಾರಿ, ಅವಳಿಗೂ ಒಬ್ಬ ದಾಸಿಗೂ ಬೆಳೆಯುವ ಪ್ರೇಮ, ಜೊತೆಗೆ ಬೇಕಾದಷ್ಟು ರಕ್ತ: ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಪುಸ್ತಕ ಕೆಳಗಿಡುತ್ತಾರೆ, ಕೆಲವರು ತಮಗೇ ಇರಲಿ ಎಂದು ಒಯ್ಯುತ್ತಾರೆ. ಎರಡೂ ಒಳ್ಳೆಯದೇ.

ಮಗಳ ಕೈಯಲ್ಲಿನ ಹಾರರ್ ಪುಸ್ತಕ ಕಂಡು ಮುಖ ಗಂಟಿಕ್ಕುವ ಅಮ್ಮಂದಿರಿಗೆ ನನ್ನದೊಂದೇ ಪ್ರಶ್ನೆ: ‘ಮೇಡಂ, ನೀವು ಯಂಡಮೂರಿಯವರ ತುಳಸಿದಳ ಓದಿದ್ದೀರಾ?’ ಮಾಟಮಂತ್ರದ ಆ ಭಯಾನಕ ಕಾದಂಬರಿಯ ಹೆಸರು ಕೇಳಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಹಾಸಿಗೆಯಲ್ಲಿ ಬೆಳಕಿಟ್ಟುಕೊಂಡು ಓದಿದ್ದನ್ನು ಅವರೇ ಹೇಳತೊಡಗುತ್ತಾರೆ, ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಾಳೆ. ‘ಈ ಹೆಣ್ಣು ಹೆಣ್ಣಿನ ಪ್ರೇಮವೆಲ್ಲ ಈಗಿನ ಫ್ಯಾಷನ್’ ಎನ್ನುವ ಹಿರಿಯರಿಗೆ ‘ಕಾರ್ಮಿಲ್ಲಾ’ ತೋರಿಸುತ್ತೇನೆ. ಹೆಣ್ಣಿಗೆ ಮನಸೋಲುವ ಹೆಣ್ಣು ರಕ್ತಪಿಶಾಚಿಯ ಆ ಕಥೆ 1872ರದು, ‘ಡ್ರಾಕುಲಾ’ಗಿಂತ 25 ವರ್ಷ ಹಳೆಯದು. ಇಸವಿ ನೋಡಿದ ಮೇಲೆ ವಾದ ಬೆಳೆಯುವುದಿಲ್ಲ.

ನನ್ನನ್ನು ಕಟ್ಟಿಹಾಕುವ ಪ್ರಶ್ನೆ ಬರುವುದು ಎದುರಿನ ಕನ್ನಡ ವಿಭಾಗದಿಂದ. ‘ಇಂಥದ್ದು ಕನ್ನಡದಲ್ಲಿ ಇದೆಯೇ?’ ಗಂಡಿಗೆ ಮನಸೋಲುವ ಗಂಡಿನ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ (2013) ಕೊಡುತ್ತೇನೆ. ಓದಿದವರು ಅದನ್ನು ಮರೆಯುವುದಿಲ್ಲ. ಆದರೆ ಅದು ನಮ್ಮ ನಿಮ್ಮ ನಡುವಿನ ಬದುಕಿನ ಕಥೆ, ದೆವ್ವವೂ ಇಲ್ಲ, ಮಾಯಾಲೋಕವೂ ಇಲ್ಲ. ಮೂರೂ ಕೂಡಿದ ಕನ್ನಡ ಕಾದಂಬರಿ ಕೇಳಿದವರ ಬೇಡಿಕೆಯನ್ನು ಆರ್ಡರ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೇನೆ. ಪ್ರಕಾಶಕರ ಕಡೆಯವರು ಬಂದಾಗ ತೋರಿಸಿದರೆ, ‘ಬರೆಯುವವರಿದ್ದರೆ ಹೇಳಿ ಮೇಡಂ, ನಾವು ಅಚ್ಚು ಹಾಕುತ್ತೇವೆ’ ಎನ್ನುತ್ತಾರೆ.