ಡ್ರಿಪ್ ಪೈಪು, ಮರದ ಹೊಟ್ಟು ಮತ್ತು ಮೋಟಾರು ಮನೆಯ ಬಾಗಿಲು

ಫೆಬ್ರವರಿ, ಎರಡನೆಯ ವಾರ

ಚನ್ನಗಿರಿ ತಾಲ್ಲೂಕಿನಲ್ಲಿ ಅಣ್ಣನ ಅಡಿಕೆ ತೋಟವಿದೆ. ಅಲ್ಲಿನ ಮೋಟಾರು ಮನೆಯ ಬಾಗಿಲನ್ನು ಗೆದ್ದಲು ಎರಡನೆಯ ಬಾರಿ ತಿಂದು ಮುಗಿಸಿದೆ. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು ಒಳಗಿನ ಮಣ್ಣು ಸುರಿಯುತ್ತದೆ. ಅದೇ ಮನೆಯ ಹಿಂದೆ ಹಳೆಯ ಡ್ರಿಪ್ ಪೈಪುಗಳ ಗುಡ್ಡೆ ಇದೆ. ಅಳಿಲು ಕಚ್ಚಿದ್ದು, ಸುಣ್ಣ ಕಟ್ಟಿ ತೂತು ಮುಚ್ಚಿದ್ದು, ಬಿಸಿಲಿಗೆ ಬಿರುಕು ಬಿಟ್ಟಿದ್ದು ಎಲ್ಲ ಒಟ್ಟಿಗೆ. ಗುಜರಿಯವರು ಮಣ್ಣು ಹೆಚ್ಚೆಂದು ಹೇಳಿ ಬಿಟ್ಟುಹೋದರು. ಇಂಥದ್ದಕ್ಕೆ ಬೇಸಿಗೆಯಲ್ಲಿ ಬೆಂಕಿ ಹಾಕುವವರು ಬಹಳ ಮಂದಿ. ಆ ಕಪ್ಪು ಹೊಗೆ ತೋಟದ ಮೇಲೆ ತೆವಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

"ಸುಡಬೇಡ. ಒಂದು ಬೇಸಿಗೆ ಸಮಯ ಕೊಡಣ್ಣ, ಇದರಲ್ಲೇ ಬಾಗಿಲು ಮಾಡಿಕೊಡುತ್ತೇನೆ" ಎಂದೆ. ಅಣ್ಣ ಒಪ್ಪಿದ. ನಲವತ್ತು ಕೆ.ಜಿ.ಯಷ್ಟು ಪೈಪು ದಾವಣಗೆರೆಯ ನಮ್ಮ ಮನೆಯ ಹಿತ್ತಲಿಗೆ ಬಂದಿದೆ. ಪೈಪನ್ನು ಚೂರು ಮಾಡಿ, ಮರದ ಹೊಟ್ಟು ಬೆರೆಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುವುದು ನನ್ನ ಯೋಚನೆ.

ಪ್ಲಾಸ್ಟಿಕ್‌ಗೆ ಮರದ ಪುಡಿ ಸೇರಿಸುವುದು ಹೊಸ ವಿಚಾರವಲ್ಲ. 1907ರಲ್ಲಿ ಲಿಯೋ ಬೇಕಲಂಡ್ ರೂಪಿಸಿದ ಬೇಕಲೈಟ್‌ನಲ್ಲಿಯೂ ಮರದ ಪುಡಿಯನ್ನು ತುಂಬುತ್ತಿದ್ದರು. ಹಳೆಯ ಮನೆಗಳ ಕಪ್ಪು, ದಪ್ಪ ಸ್ವಿಚ್ಚುಗಳು ಅದರದೇ. ಆದರೆ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಡ್ರಿಪ್ ಪೈಪು ಕರಗುತ್ತದೆ. ಅದು ಎಲ್‌ಎಲ್‌ಡಿಪಿಇ, ಅಂದರೆ ಪಾಲಿಥೀನ್ ಕುಟುಂಬದ್ದು. ಸುಮಾರು 120–125 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಬಿಸಿಲು ತಡೆಯಲೆಂದು ತಯಾರಿಕೆಯಲ್ಲೇ ಅದಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಕಪ್ಪು ಪುಡಿ ಸೇರಿಸಿರುತ್ತಾರೆ. ಹೊರಗೆ ನಿಲ್ಲಬೇಕಾದ ಹಲಗೆಗೆ ಅಗತ್ಯವಾದ ಕಪ್ಪು ಪೈಪಿನಲ್ಲೇ ಇದೆ ಎಂಬುದು ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಫೆಬ್ರವರಿ ಕೊನೆ

ಬರೀ ವಿಂಗಡಣೆ ಮತ್ತು ತೊಳೆಯುವ ಕೆಲಸಕ್ಕೆ ಎಂಟು ದಿನ ಹಿಡಿಯಿತು.

ಗುಡ್ಡೆಯಲ್ಲಿ ಪಿವಿಸಿ ತುಂಡುಗಳೂ ಸೇರಿಕೊಂಡಿದ್ದವು. ಪಿವಿಸಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕಣ್ಣು, ಎದೆ, ಕಬ್ಬಿಣದ ಅಚ್ಚು ಮೂರಕ್ಕೂ ಕೇಡು. ಅದನ್ನು ಹಿಡಿಯಲು ಬಕೆಟ್ ನೀರು ಸಾಕು. ಪಾಲಿಥೀನ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಪೈಪನ್ನು ಉದ್ದಕ್ಕೆ ಸೀಳಿಯೇ ಹಾಕಬೇಕು, ಇಲ್ಲವಾದರೆ ಒಳಗಿನ ಗಾಳಿ ಸುಳ್ಳು ಹೇಳುತ್ತದೆ. ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಕೂಡ ತೇಲುವುದರಿಂದ ಅದರಿಂದ ಮಾಡಿದ ಜೋಡಣೆಯ ಬಿಡಿಭಾಗಗಳನ್ನು ಕೈಯಿಂದಲೇ ಆರಿಸಿ ತೆಗೆದೆ. ಅದು ಕರಗಲು 160 ಡಿಗ್ರಿ ದಾಟಬೇಕು. ತೋಟದಲ್ಲಿದ್ದ ಔಷಧಿ ಡಬ್ಬಗಳನ್ನು ಮುಟ್ಟಲಿಲ್ಲ. ಎಷ್ಟು ತೊಳೆದರೂ ವಿಷದ ಡಬ್ಬ ಬಾಗಿಲಾಗಬಾರದು. ಎಣ್ಣೆ ಕ್ಯಾನುಗಳನ್ನೂ ಸೇರಿಸಲಿಲ್ಲ. ಅವನ್ನು ಗುಜರಿಯವರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ, ಅವು ಮತ್ತೆ ಶುದ್ಧ ಪ್ಲಾಸ್ಟಿಕ್ ಆಗುತ್ತವೆ. ಮರದ ಹೊಟ್ಟು ಬೆರೆಸಿದ ಮೇಲೆ ಆ ದಾರಿ ಮುಚ್ಚಿದಂತೆಯೇ. ಬೇರೆ ಗತಿ ಇಲ್ಲದ ಪ್ಲಾಸ್ಟಿಕ್ ಮಾತ್ರ ಈ ಕೆಲಸಕ್ಕೆ ಎಂಬ ನಿಯಮವನ್ನು ಅಂದೇ ಹಾಕಿಕೊಂಡೆ.

ಒಳಗಿನ ಸುಣ್ಣಕ್ಕೆ ನಿಂಬೆ ಉಪ್ಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬ್ರಷ್‌ನಿಂದ ಉಜ್ಜಿದೆ. ಕತ್ತರಿಸಲು ಪರಿಚಯದವರೊಬ್ಬರ ಮೇವು ಕತ್ತರಿಸುವ ಯಂತ್ರ ಒದಗಿತು. ಸೀಳಿದ ಪೈಪು ಜೋಳದ ದಂಟಿನಂತೆಯೇ ಒಳಗೆ ಹೋಗಿ ಒಂದು ಸೆಂಟಿಮೀಟರಿನ ಚೂರುಗಳಾಗಿ ಬಿತ್ತು.

ಮಾರ್ಚ್ 10

ಮಿಶ್ರಣವನ್ನು ಕಾಯಿಸಿ ಹಲಗೆಯಾಗಿ ಒತ್ತುವ ಪ್ರೆಸ್ ಸಿದ್ಧವಾಗಿದೆ. ನೆದರ್ಲೆಂಡ್ಸಿನ ಡೇವ್ ಹ್ಯಾಕೆನ್ಸ್ 2013ರಲ್ಲಿ ಆರಂಭಿಸಿದ ಪ್ರೆಷಸ್ ಪ್ಲಾಸ್ಟಿಕ್ ಯೋಜನೆಯಲ್ಲಿ ಇಂಥ ಯಂತ್ರಗಳ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಅದನ್ನು ನೋಡಿ, ನನ್ನ ಕೈಗೆ ಎಟಕುವಷ್ಟಕ್ಕೆ ಇಳಿಸಿದೆ. ದಪ್ಪ ಚಾನೆಲ್‌ನ ಚೌಕಟ್ಟು, 20 ಟನ್ನಿನ ಜಾಕ್, ಎರಡು ಉಕ್ಕಿನ ತಟ್ಟೆ, ಹೀಟರುಗಳು, ಉಷ್ಣ ನಿಯಂತ್ರಕ. ಅಚ್ಚು 30 ಸೆಂ.ಮೀ. ಚದರ, 12 ಮಿ.ಮೀ. ದಪ್ಪ. ಜಾಕನ್ನು ಪೂರ್ತಿ ಒತ್ತಿದರೆ ಪ್ರತಿ ಚದರ ಸೆಂಟಿಮೀಟರಿಗೆ 22 ಕೆ.ಜಿ. ಭಾರ ಬೀಳುತ್ತದೆ. ಲೇತ್ ಅಂಗಡಿಯ ಮೇಸ್ತ್ರಿ ಎರಡೂ ತಟ್ಟೆಗಳನ್ನು ಕೂದಲೆಳೆಯಷ್ಟೂ ಓರೆ ಇಲ್ಲದಂತೆ ಸಮ ಮಾಡಿಕೊಟ್ಟಿದ್ದಾರೆ. ಅವರ ಕೈಗೆ ನಮಸ್ಕಾರ.

ಮಾರ್ಚ್ 14

ಮೊದಲ ಹಲಗೆ. ಪೈಪಿನ ಚೂರು ಶೇ 60, ಸಾ ಮಿಲ್ಲಿನಿಂದ ತಂದ ಮರದ ಹೊಟ್ಟು ಶೇ 40. ಒಟ್ಟು 1,170 ಗ್ರಾಂ. 165 ಡಿಗ್ರಿ, ಅರ್ಧ ಗಂಟೆ.

ಈ ತೂಕವನ್ನು ಲೆಕ್ಕ ಹಾಕಿಯೇ ಇಟ್ಟಿದ್ದೆ. ಪಾಲಿಥೀನ್ ನೀರಿಗಿಂತ ಹಗುರ. ಮರವೂ ತೇಲುತ್ತದೆ, ಆದರೆ ಅದು ತೇಲುವುದು ಒಳಗಿನ ಗಾಳಿಯಿಂದ. ಮರದ ಕೋಶದ ಗೋಡೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿಯೆಲ್ಲ ಹೊರಹೋಗಿ ಎರಡೂ ಬಿಗಿಯಾಗಿ ಕೂತರೆ ಈ ಅಳತೆಯ ಮಿಶ್ರಣದ ಸಾಂದ್ರತೆ 1.08, ಅಂದರೆ ನೀರಿಗಿಂತ ತುಸು ಹೆಚ್ಚು ಆಗಬೇಕು. ತೇಲುವ ಎರಡು ವಸ್ತುಗಳು ಸೇರಿ ಮುಳುಗುವ ಹಲಗೆ ಆಗಬೇಕು. ಇದಕ್ಕಿಂತ ಸರಳ ಪರೀಕ್ಷೆ ಬೇಕೇ?

ಹಲಗೆ ತೇಲಿತು. ಪ್ರೆಸ್ ಸಡಿಲಿಸಿದ ಕೂಡಲೇ ಪೂರಿಯಂತೆ ಉಬ್ಬಿ 14 ಮಿ.ಮೀ. ಆಯಿತು. ಕತ್ತರಿಸಿ ನೋಡಿದರೆ ಒಳಗೆಲ್ಲ ಗುಳ್ಳೆ.

ಮಾರ್ಚ್ 15ರಿಂದ 24

ಗುಳ್ಳೆಗಳಿಗೆ ಕಾರಣ ನೀರು. ಮುಟ್ಟಿದರೆ ಒಣಗಿದಂತಿದ್ದ ಹೊಟ್ಟನ್ನು ಒಂದು ಕೆ.ಜಿ. ತೂಗಿ, 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟೆ. ಉಳಿದದ್ದು 840 ಗ್ರಾಂ. 160 ಗ್ರಾಂ ನೀರು! ಅದು ಪ್ರೆಸ್ಸಿನೊಳಗೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಒತ್ತಡ ತಗ್ಗಿದ ಕ್ಷಣದಲ್ಲಿ ಹಲಗೆಯನ್ನು ಊದಿಸಿದೆ.

ನಮ್ಮ ದಾವಣಗೆರೆಯ ಮಾರ್ಚ್ ಬಿಸಿಲಿಗೆ ತಾರಸಿಯ ಮೇಲೆ ಎರಡು ದಿನ ಹರವಿದರೆ ಅರ್ಧಕ್ಕಿಂತ ಹೆಚ್ಚು ನೀರು ಹೋಗುತ್ತದೆ. ಉಳಿದದ್ದಕ್ಕೆ ಓವನ್ನೇ ಬೇಕು. ಮರದ ನಾರಿನಲ್ಲಿ ಶೇ 2ರ ಆಸುಪಾಸಿಗಿಂತ ಹೆಚ್ಚು ತೇವ ಉಳಿಯಬಾರದು. ಒಣಗಿಸಿದ್ದನ್ನು ರಾತ್ರಿ ತೆರೆದಿಟ್ಟರೆ ಬೆಳಗಿನೊಳಗೆ ಮತ್ತೆ ತೇವ ಎಳೆದುಕೊಂಡು ತೂಕ ಏರುತ್ತದೆ. ಈಗ ಓವನ್‌ನಿಂದ ತೆಗೆದು ನೇರವಾಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಹಲಗೆಯನ್ನೂ ಬಿಸಿಯಲ್ಲಿ ತೆಗೆಯುವುದಿಲ್ಲ; ಒತ್ತಡದಲ್ಲೇ 60 ಡಿಗ್ರಿಗಿಂತ ಕೆಳಗೆ ತಣಿಯಲು ಬಿಡುತ್ತೇನೆ. ಒಂದೂ ಮುಕ್ಕಾಲು ಗಂಟೆ ಬೇಕು. ಕಾಯುವುದು ಕಷ್ಟ, ಆದರೆ ಹಲಗೆ ಚಪ್ಪಟೆಯಾಗಿ ಬರುತ್ತದೆ.

ಎರಡನೆಯ ತೊಡಕು ಬೆರಕೆ. ಕರಗಿದ ಪಾಲಿಥೀನ್ ನೀರಿನಂತೆ ಹರಿಯುವುದಿಲ್ಲ, ಅಂಟುಪಾಕದ ಹಾಗೆ. ಹೊಟ್ಟು ಅಲ್ಲಲ್ಲಿ ಒಣಗಂಟಾಗಿ ಉಳಿಯುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ಜೋಡಿ ಸ್ಕ್ರೂಗಳ ಎಕ್ಸ್‌ಟ್ರೂಡರ್ ಇರುತ್ತದೆ. ನನ್ನಲ್ಲಿಲ್ಲ. ಪದರು ಚಪಾತಿಯ ವಿಧಾನ ಹಿಡಿದೆ: ತೆಳ್ಳಗೆ ಒತ್ತು, ಬಿಸಿಯಿರುವಾಗಲೇ ದಪ್ಪ ಕೈಗವಸು ಹಾಕಿಕೊಂಡು ಮಡಚು, ತಿರುಗಿಸು, ಮತ್ತೆ ಒತ್ತು. ಐದು ಸಲ ಮಡಚಿದ ಮೇಲೆ ಕತ್ತರಿಸಿದ ಅಂಚು ಒಂದೇ ಬಣ್ಣಕ್ಕೆ ಬಂತು. ಈ ಕೆಲಸ ಹಿತ್ತಲಿನ ಬಯಲಿನಲ್ಲೇ, ಗಾಳಿ ಬೆನ್ನಿಗೆ ಬರುವಂತೆ ನಿಂತು.

ಮಾರ್ಚ್ 24ರ ಸಂಜೆ ಆರನೆಯ ಹಲಗೆ ಬಕೆಟ್ಟಿನ ತಳಕ್ಕೆ ಇಳಿದು ಕೂತಿತು. ಮನೆಯವರೆಲ್ಲರನ್ನೂ ಕರೆದು ತೋರಿಸಿದೆ.

ಏಪ್ರಿಲ್ 2

ಹಲಗೆಯೊಳಗಿನ ಹೊಟ್ಟು ಕಂದುಬಣ್ಣಕ್ಕೆ ತಿರುಗಿ ಸುಟ್ಟ ಬೆಲ್ಲದ ವಾಸನೆ ಬಂತು. ಹಳೆ ಸಾಮಾನಿನ ಅಂಗಡಿಯಿಂದ ತಂದ ನಿಯಂತ್ರಕದ ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ತಂತಿ, ಸಡಿಲವಾಗಿತ್ತು. ಪರದೆಯಲ್ಲಿ 165, ತಟ್ಟೆಯಲ್ಲಿ 210. ಮರ 200 ಡಿಗ್ರಿಯ ಹೊತ್ತಿಗೆ ಕೆಡಲು ಶುರುವಾಗುತ್ತದೆ. ಪ್ಲಾಸ್ಟಿಕ್‌ಗೆ ಬೇಕಾದ ಬಿಸಿಗೂ ಮರ ತಾಳುವ ಬಿಸಿಗೂ ನಡುವಿನ ಜಾಗ ಕಿರಿದು. ಈಗ ತಟ್ಟೆಯ ಎರಡು ಕಡೆ ಎರಡು ಥರ್ಮೋಕಪಲ್.

ಏಪ್ರಿಲ್ 5ರಿಂದ 20

ಯಾವ ಹೊಟ್ಟು ಒಳ್ಳೆಯದು? ನಮ್ಮ ಜಿಲ್ಲೆಯಲ್ಲಿ ಆಯ್ಕೆಗೆ ಬರವಿಲ್ಲ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಭತ್ತದ ಹೊಟ್ಟು, ಚನ್ನಗಿರಿಯ ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ, ಸಾ ಮಿಲ್ಲುಗಳಲ್ಲಿ ಮರದ ಹೊಟ್ಟು. ಮೂರರಲ್ಲೂ ಶೇ 40ರ ಲೆಕ್ಕದಲ್ಲಿ ಹಲಗೆ ಒತ್ತಿದೆ.

ನನ್ನ ಮನಸ್ಸಿದ್ದದ್ದು ಅಡಿಕೆ ಸಿಪ್ಪೆಯ ಮೇಲೆ. ತೋಟದ ಪೈಪು, ತೋಟದ ಸಿಪ್ಪೆ, ತೋಟದ ಬಾಗಿಲು. ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಅದರ ನಾರು ಹತ್ತಿಯಂತೆ ಉಂಡೆ ಕಟ್ಟುತ್ತದೆ, ನೀರನ್ನೂ ಬಹಳ ಎಳೆಯುತ್ತದೆ. 24 ಗಂಟೆ ನೀರಿನಲ್ಲಿಟ್ಟಾಗ ಸಿಪ್ಪೆಯ ಹಲಗೆಯ ತೂಕ ಶೇ 5.8 ಏರಿತು, ಮರದ ಹೊಟ್ಟಿನದು ಶೇ 1.9. ಸಿಪ್ಪೆಯ ನಾರಿನಲ್ಲಿ ನೀರನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್ ಹೆಚ್ಚು. ಭತ್ತದ ಹೊಟ್ಟಿನ ಹಲಗೆ ಶೇ 1.6ಕ್ಕೆ ನಿಂತಿತು, ನೀರಿನ ಮಟ್ಟಿಗೆ ಅದೇ ಮೇಲು. ಆದರೆ ಅದರೊಳಗಿನ ಸಿಲಿಕಾ, ಅಂದರೆ ಮರಳಿನಂಥ ಗಡಸು ಅಂಶ, ಗರಗಸದ ಹಲ್ಲನ್ನು ನಾಲ್ಕೇ ಕೊಯ್ತಕ್ಕೆ ಮೊಂಡು ಮಾಡಿತು. ಬಾಗಿಲಿಗೆ ಮರದ ಹೊಟ್ಟೇ ಎಂದು ತೀರ್ಮಾನಿಸಿದೆ. ಸಿಪ್ಪೆಯನ್ನು ಕೈಬಿಟ್ಟಿಲ್ಲ, ಇನ್ನೂ ಸಣ್ಣಗೆ ಪುಡಿ ಮಾಡಿಸಿ ನೋಡಬೇಕು.

ಕೊಯ್ಯುವಾಗ ಬೀಳುವ ಪುಡಿಯನ್ನು ಕೆಳಗೆ ಬಟ್ಟೆ ಹಾಸಿ ಹಿಡಿದು ಮುಂದಿನ ಹಲಗೆಗೆ ಸೇರಿಸುತ್ತೇನೆ. ಗುಡ್ಡೆಯಾಗಿ ಬಿದ್ದ ಪ್ಲಾಸ್ಟಿಕ್ಕನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಮೊದಲಿಗಿಂತ ಕೆಟ್ಟ ಕೆಲಸ.

ಏಪ್ರಿಲ್ 28

ಈ ಲಾಗ್‌ನಲ್ಲಿ ಮುಖ್ಯವಾದ ದಿನ ಇದು ಎಂದು ನನಗನಿಸುತ್ತದೆ.

5 ಸೆಂ.ಮೀ. ಅಗಲದ ಪಟ್ಟಿಗಳನ್ನು 25 ಸೆಂ.ಮೀ. ಅಂತರದ ಎರಡು ಇಟ್ಟಿಗೆಗಳ ಮೇಲಿಟ್ಟು ನಡುವೆ 10 ಕೆ.ಜಿ. ತೂಗುಹಾಕಿದೆ. ಬರೀ ಪೈಪಿನ ಪ್ಲಾಸ್ಟಿಕ್ 13 ಮಿ.ಮೀ. ಬಾಗಿತು. ಮರದ ಹೊಟ್ಟಿನ ಪಟ್ಟಿ 5 ಮಿ.ಮೀ. ಮಾತ್ರ. ಸಂತೋಷವಾಗಿ ತೂಕವನ್ನು ಹಾಗೆಯೇ ಬಿಟ್ಟೆ. ಏಳನೆಯ ದಿನಕ್ಕೆ ಅದೇ ಪಟ್ಟಿ 11 ಮಿ.ಮೀ.ಗೆ ಇಳಿದಿತ್ತು. ತೂಕ ತೆಗೆದ ಮೇಲೂ 4 ಮಿ.ಮೀ. ಬಾಗು ಹೋಗಲಿಲ್ಲ. ಮುರಿಯಲಿಲ್ಲ, ಬಿರುಕೂ ಇಲ್ಲ. ಮೆಲ್ಲಗೆ, ಸದ್ದಿಲ್ಲದೆ ಜಾರುತ್ತ ಹೋಯಿತು. ನಮ್ಮ ಬೇಸಿಗೆಯ ಬಿಸಿಗೆ ಇದು ಇನ್ನಷ್ಟು ಬೇಗ.

ಹಾಗಾಗಿ ನೋಡಲು ಬಂದ ನೆರೆಯವರು "ಇದರಲ್ಲಿ ಅಟ್ಟಕ್ಕೆ ಹಲಗೆ ಮಾಡಿಕೊಡುತ್ತೀರಾ?" ಎಂದಾಗ ಆಗುವುದಿಲ್ಲ ಎಂದೆ. ತೊಲೆ, ಅಟ್ಟ, ಮೆಟ್ಟಿಲು ಯಾವುದಕ್ಕೂ ಸಲ್ಲದು. ಒಲೆಯ ಹತ್ತಿರವೂ ಬೇಡ, ಇದು ಬೆಂಕಿ ಹಿಡಿಯುತ್ತದೆ. ಇದರ ಜಾಗ ಭಾರ ಹೊರದ, ನೀರು ಮತ್ತು ಹುಳು ಕಾಡುವ ಕಡೆ: ಬಾಗಿಲಿನ ಕೆಳಭಾಗ, ಬಚ್ಚಲಿನ ಮರೆ, ಪಾತಿಯ ಅಂಚು.

ಮೇ 6

ಮರಕ್ಕೆ ನೀರು ಇಷ್ಟ, ಪಾಲಿಥೀನ್‌ಗೆ ನೀರು ಆಗದು. ಹೀಗಾಗಿ ಎರಡೂ ಪಕ್ಕದಲ್ಲಿ ಕೂತರೂ ಕೈ ಹಿಡಿಯುವುದಿಲ್ಲ. ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದ ಪಾಲಿಥೀನ್ ಕಾಳುಗಳು ಈ ಎರಡನ್ನೂ ಬೆಸೆಯುತ್ತವೆ. 25 ಕೆ.ಜಿ. ಚೀಲಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರು ನಾಲ್ಕನೆಯ ಫೋನಿಗೆ ಒಂದು ಕೆ.ಜಿ. ಕಳಿಸಿದರು. ಹಲಗೆಗೆ 35 ಗ್ರಾಂ, ಅಂದರೆ ಶೇ 3. ನೀರು ಹೀರುವುದು ಶೇ 1.1ಕ್ಕೆ ಇಳಿಯಿತು. ಸುತ್ತಿಗೆಯಿಂದ ಒಡೆದ ಅಂಚಿನಲ್ಲಿ ಮೊದಲು ನಾರುಗಳು ಬೇರಿನಂತೆ ಕಿತ್ತು ಬರುತ್ತಿದ್ದವು. ಈಗ ಪ್ಲಾಸ್ಟಿಕ್ಕಿನ ಜೊತೆಗೇ ತುಂಡಾಗಿವೆ.

ಮೇ 19

ಬಾಗಿಲು ನಿಂತಿತು. ಕಬ್ಬಿಣದ ಆ್ಯಂಗಲ್ ಚೌಕಟ್ಟು, ಕೆಳಗಿನ ಅರವತ್ತು ಸೆಂಟಿಮೀಟರಿಗೆ ನನ್ನ ನಾಲ್ಕು ಹಲಗೆ, ಮೇಲೆ ತಗಡು. ಹಲಗೆಗಳ ನಡುವೆ 2 ಮಿ.ಮೀ. ಬಿಟ್ಟಿದ್ದೇನೆ, ಬೋಲ್ಟಿನ ತೂತುಗಳನ್ನೂ ದೊಡ್ಡದಾಗಿಯೇ ಕೊರೆದಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಕಪ್ಪು ಹಲಗೆ ಹಿಗ್ಗುತ್ತದೆ. ಅತ್ತಿಗೆ ಉಗುರಿನಿಂದ ಕೆರೆದು ನೋಡಿ, "ಮರದ ವಾಸನೆಯೇ ಬರುತ್ತದಲ್ಲ" ಎಂದರು.

ಜೂನ್ 30

ಮಳೆ ಹಿಡಿದಿದೆ. ಹಲಗೆಗಳು ಉಬ್ಬಿಲ್ಲ, ಅಳತೆ ಹಾಗೆಯೇ ಇದೆ. ಆದರೆ ಗೆದ್ದಲಿನ ಮಣ್ಣಿನ ಗೆರೆಯೊಂದು ನೆಲದಿಂದ ಎದ್ದು, ಎಡಗಡೆಯ ಹಲಗೆಯ ಮೇಲೆ ನೇರವಾಗಿ ಹತ್ತಿ, ಗೋಡೆಯಲ್ಲಿ ಉಳಿದಿರುವ ಹಳೆಯ ಮರದ ದಾರಂದಕ್ಕೆ ಹೋಗಿದೆ. ಗೆರೆಯನ್ನು ಕೆರೆದು ನೋಡಿದೆ. ಹಲಗೆಯನ್ನು ತಿಂದಿಲ್ಲ, ಮೇಲ್ಮೈಯಲ್ಲಿ ಗುರುತೂ ಇಲ್ಲ; ದಾರಿಯಾಗಿ ಮಾತ್ರ ಬಳಸಿಕೊಂಡಿದೆ. ದಾರಂದದ ಅಳತೆ ತೆಗೆದುಕೊಂಡು ಬಂದಿದ್ದೇನೆ. ಭಾರವನ್ನು ಆ್ಯಂಗಲ್‌ಗೆ ಹೊರಿಸಿ ಹಲಗೆಯನ್ನು ಹೊದಿಕೆಯಾಗಿ ಮಾತ್ರ ಕೂರಿಸುವ ಯೋಚನೆ. ಉದ್ದನೆಯ ಅಚ್ಚು ಬೇಕು. ಪೈಪು ಇನ್ನೂ ಮೂವತ್ತು ಕೆ.ಜಿ. ಉಳಿದಿದೆ.